ನಡೆದು ಹೋಗುವವರ ಲೆಕ್ಕ

ಅಮ್ಮ ಮೊದಲ ಸಲ ತೀರ್ಥಹಳ್ಳಿಯಿಂದ ನ್ಯೂಜೆರ್ಸಿಗೆ ಬಂದಿದ್ದಾಗ ಮಗನ ಬೇಸ್‌ಬಾಲ್ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಏಪ್ರಿಲ್ ತಿಂಗಳು, ಚಳಿ ಇನ್ನೂ ಬಿಟ್ಟಿರಲಿಲ್ಲ. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನನ್ನ ಜಾಕೆಟ್ಟು ಹೊದ್ದು ಕೂತಿದ್ದ ಅಮ್ಮ ಅರ್ಧ ಗಂಟೆ ಸುಮ್ಮನೆ ನೋಡಿ, ಆಮೇಲೆ ಕೇಳಿದಳು: "ಅಲ್ಲ ಮಾರಾಯ್ತಿ, ಆ ಹುಡುಗ ಬ್ಯಾಟು ಬೀಸಲೇ ಇಲ್ಲ. ಮತ್ತೆ ಯಾಕೆ ಮದುಮಗನ ಹಾಗೆ ಹೊರಟಿದಾನೆ?"

ಹೇಳಿದೆ. ಚೆಂಡು ಎಸೆಯುವವನನ್ನು ಪಿಚರ್ ಅಂತಾರೆ. ಅವನು ಬ್ಯಾಟರಿಗೆ ಸರಿಯಾಗಿ ಸಿಗದ ಹಾಗೆ, ಗೊತ್ತು ಮಾಡಿದ ಜಾಗದ ಹೊರಗೆ ನಾಲ್ಕು ಸಲ ಎಸೆದರೆ (ಅಂಥ ಎಸೆತಕ್ಕೆ 'ಬಾಲ್' ಅಂತಲೇ ಹೆಸರು), ಬ್ಯಾಟರ್ ಅದಕ್ಕೆ ಮರುಳಾಗಿ ಬೀಸದೇ ಇದ್ದರೆ, ಮೊದಲನೇ ಬೇಸ್ ಪುಕ್ಕಟೆ. ಓಡಬೇಕಾಗಿಲ್ಲ, ನಡೆದುಕೊಂಡೇ ಹೋಗಬಹುದು. ಅದಕ್ಕೇ ಅದರ ಹೆಸರು ವಾಕ್. ಅಮ್ಮ ಒಪ್ಪಿದಳು. ಆದರೆ ಸುಮ್ಮನಾಗಲಿಲ್ಲ. "ಹಂಗಾರೆ ಆ ಮೂರನೇ ಮೂಲೇಲಿ ನಿಂತವ ಯಾಕೆ ಮುಂದೆ ಹೋಗ್ಲಿಲ್ಲ? ಅವನೇನು ಪಾಪ ಮಾಡಿದ್ದ?"

ನನಗೆ ಉತ್ತರ ಗೊತ್ತಿರಲಿಲ್ಲ. ಆಗ ನಾನು ತಂಡದ ಸ್ಕೋರ್‌ಬುಕ್ ಬರೆಯುತ್ತಿದ್ದೆ ಅಷ್ಟೆ. ಮಾರನೇ ವರ್ಷ ಅಂಪೈರ್‌ಗಳು ಸಾಲದೆ ಬಂದಾಗ ಯಾರೋ ನನ್ನ ಕೈಗೆ ಮುಖವಾಡ ಕೊಟ್ಟರು. ಈಗ ಹನ್ನೆರಡು ಸೀಸನ್ ಆಯಿತು. ಮಗ ಆಟ ಬಿಟ್ಟು ಕಾಲೇಜಿಗೆ ಹೋದ, ನಾನು ಬಿಟ್ಟಿಲ್ಲ. ಇಲ್ಲಿ ಅಂಪೈರನ್ನು ಮಕ್ಕಳು 'ಬ್ಲೂ' ಅಂತ ಕರೆಯುತ್ತಾರೆ, ಹಳೇ ಕಾಲದ ನೀಲಿ ಅಂಗಿಯಿಂದ ಬಂದ ಹೆಸರು. ನಮ್ಮ ಕನ್ನಡದ ಮಕ್ಕಳು ಮಾತ್ರ ಆಟದ ನಡುವೆ ಮರೆತು 'ಆಂಟಿ' ಅಂದುಬಿಡುತ್ತವೆ.

ಈ ಹನ್ನೆರಡು ವರ್ಷದಲ್ಲಿ ಕಷ್ಟದ ಕ್ಯಾಚಿಗೆ, ಹೋಮ್ ಪ್ಲೇಟಿನ ಧೂಳಿನಲ್ಲಿ ಜಾರಿ ಬಂದವನಿಗೆ ತೀರ್ಪು ಕೊಡುವಾಗ ನಾನು ಎಡವಿದ್ದು ಕಡಿಮೆ. ಎಡವಿದ್ದೆಲ್ಲ ವಾಕ್‌ನಲ್ಲಿ. ಎಲ್ಲರೂ ಉಸಿರು ಬಿಟ್ಟು ನೀರಿನ ಬಾಟಲಿ ಹುಡುಕುವ ಆ ಹದಿನೈದು ಸೆಕೆಂಡಿನಲ್ಲಿ. ಅಲ್ಲಿ ಕಲಿತ ಪಾಠಗಳು ಇವು.

1. ಹಿಂದಿನಿಂದ ತಳ್ಳುವವರಿದ್ದರೆ ಮಾತ್ರ ಏಳಬೇಕು

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಖೋ ಖೋದಲ್ಲಿ. ಶಾಲೆಯಲ್ಲಿ ನಾನು ಆಡಿದ ಆಟ ಅದೊಂದೇ. ಸಾಲಿನಲ್ಲಿ ಕೂತವಳು ತನ್ನಷ್ಟಕ್ಕೆ ತಾನು ಏಳುವ ಹಾಗಿಲ್ಲ. ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ 'ಖೋ' ಅಂದರೆ ಏಳಲೇಬೇಕು, ಯಾಕೆಂದರೆ ಆ ಜಾಗ ಈಗ ಬಂದವಳದ್ದು. ಬೇಸ್‌ಬಾಲಿನಲ್ಲಿ ಇದನ್ನು 'ಫೋರ್ಸ್' ಅನ್ನುತ್ತಾರೆ.

ಒಂದು ಬೇಸಿನಲ್ಲಿ ಒಬ್ಬರೇ ಇರಬೇಕು. ವಾಕ್ ಸಿಕ್ಕ ಬ್ಯಾಟರಿಗೆ ಮೊದಲನೇ ಬೇಸ್ ಬೇಕು. ಅಲ್ಲಿ ಯಾರಾದರೂ ಇದ್ದರೆ ಅವರು ಎರಡನೆಯದಕ್ಕೆ ಹೋಗಬೇಕು. ಎರಡನೆಯದರಲ್ಲೂ ಒಬ್ಬರಿದ್ದರೆ ಅವರು ಮೂರನೆಯದಕ್ಕೆ. ಮೂರೂ ತುಂಬಿದ್ದರೆ ಮೂರನೆಯವರು ಹೋಮ್‌ಗೆ ಬಂದು ಒಂದು ರನ್. ಈ ಸರಪಳಿ ಎಲ್ಲಿ ಖಾಲಿ ಬೇಸ್ ಸಿಗುತ್ತದೋ ಅಲ್ಲಿಗೆ ತುಂಡಾಗುತ್ತದೆ. ಮೊದಲನೇ ಮತ್ತು ಮೂರನೇ ಬೇಸಿನಲ್ಲಿ ಓಟಗಾರರಿದ್ದರೆ ಮೊದಲನೆಯವನು ಮಾತ್ರ ಎರಡಕ್ಕೆ ಹೋಗುತ್ತಾನೆ. ಮೂರರಲ್ಲಿ ನಿಂತವನ ಬೆನ್ನು ಯಾರೂ ಮುಟ್ಟಿಲ್ಲ, ಅವನು ಅಲ್ಲೇ. ಎರಡು, ಮೂರರಲ್ಲಿ ಜನ ಇದ್ದು ಮೊದಲನೆಯದು ಖಾಲಿ ಇದ್ದರೆ ಯಾರೂ ಕದಲುವುದು ಬೇಡ. ಬ್ಯಾಟರ್ ಬಂದು ಖಾಲಿ ಜಾಗ ತುಂಬುತ್ತಾನೆ, ಅಷ್ಟೆ.

ಎಣಿಸುವಾಗ ಯಾವಾಗಲೂ ಮೊದಲನೇ ಬೇಸಿನಿಂದ ಶುರು ಮಾಡಿ. ಹೊಸ ಅಂಪೈರ್‌ಗಳು ಮೂರನೆಯದನ್ನು ಮೊದಲು ನೋಡುತ್ತಾರೆ, ರನ್ ಬರುವುದು ಅಲ್ಲಿಂದ ಅಂತ. ಅಲ್ಲಿಂದ ಶುರು ಮಾಡಿದರೆ ಲೆಕ್ಕ ತಪ್ಪುತ್ತದೆ.

2. ಹಕ್ಕಿಲ್ಲ ಅಂದರೆ ಹೋಗಬಾರದು ಅಂತಲ್ಲ

ಇದು ನನ್ನ ಮೊದಲ ದೊಡ್ಡ ತಪ್ಪು. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳ ಆಟ. ಮೂರನೇ ಬೇಸಿನಲ್ಲಿ ಒಬ್ಬ ಹುಡುಗ, ಬೇರೆಲ್ಲ ಖಾಲಿ. ಬಾಲ್ ಫೋರ್ ಅಂದೆ. ಬ್ಯಾಟರ್ ಮೊದಲನೇ ಬೇಸಿಗೆ ಹೊರಟ. ಮೂರರಲ್ಲಿದ್ದವನೂ ತಲೆ ತಗ್ಗಿಸಿ, ಅಂಗಡಿಗೆ ಹಾಲು ತರಲು ಹೊರಟವನ ಹಾಗೆ, ನಡೆದುಕೊಂಡು ಬಂದು ಹೋಮ್ ಪ್ಲೇಟ್ ತುಳಿದ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕೈಯಲ್ಲಿ ಚೆಂಡು ಇತ್ತು. ಅವನು ಅದನ್ನು ಒರೆಸುತ್ತಾ ನಿಂತಿದ್ದ. ಯಾರೂ ಏನೂ ಮಾಡಲಿಲ್ಲ.

ಆಗಷ್ಟೇ ಮೊದಲನೇ ಪಾಠ ಕಲಿತಿದ್ದ ನಾನು ಬಹಳ ಗತ್ತಿನಿಂದ, "ನಿನ್ನನ್ನು ಯಾರೂ ಫೋರ್ಸ್ ಮಾಡಿಲ್ಲ ಮಗು, ವಾಪಸ್ ಹೋಗು" ಅಂತ ಮೂರನೇ ಬೇಸಿಗೆ ಕಳಿಸಿದೆ. ಎರಡೂ ತಂಡದ ಕೋಚ್‌ಗಳು ತಲೆಯಾಡಿಸಿದರು. ಆ ಹುಡುಗನ ತಂಡ ಒಂದು ರನ್‌ನಿಂದ ಸೋತಿತು.

ರಾತ್ರಿ ನಿಯಮದ ಪುಸ್ತಕ ತೆಗೆದೆ. ಫೋರ್ಸ್ ಆದ ಓಟಗಾರನಿಗೆ ಒಂದು ಬೇಸ್ ಔಟಾಗುವ ಭಯವಿಲ್ಲದೆ ಸಿಗುತ್ತದೆ ಅಂತ ಬರೆದಿತ್ತು. ಫೋರ್ಸ್ ಆಗದವನು ಜಾಗ ಬಿಡಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಅವನು ಹೋಗಬಹುದು, ತನ್ನ ತಲೆ ಮೇಲೆ ತಾನೇ ಹೊತ್ತುಕೊಂಡು. ಕ್ಯಾಚರ್ ಕೈಚಾಚಿ ಚೆಂಡನ್ನು ಅವನ ಮೈಗೆ ಮುಟ್ಟಿಸಿದ್ದರೆ ಔಟ್. ಮುಟ್ಟಿಸಲಿಲ್ಲ. ಆ ರನ್ ಸರಿಯಾದ ರನ್. ಹೊಡೆತವಿಲ್ಲದೆ ತಾನಾಗಿ ಮುಂದಿನ ಬೇಸ್ ಹಿಡಿಯುವುದನ್ನು ಇಲ್ಲಿ ಕದಿಯುವುದು ಅನ್ನುತ್ತಾರೆ. ಆ ಹುಡುಗ ಗೊತ್ತಿಲ್ಲದೆ ಹೋಮ್ ಕದ್ದಿದ್ದ, ನಾನು ಗೊತ್ತಿದೆ ಅಂದುಕೊಂಡು ಅದನ್ನು ಕಿತ್ತುಕೊಂಡಿದ್ದೆ.

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಕ್ಕಳಾಟಕ್ಕೆ ಇಷ್ಟು ಯೋಚನೆಯಾ ಅಂತ ನಮ್ಮ ಯಜಮಾನರು ನಕ್ಕರು. ಅವರು ಕ್ರಿಕೆಟ್‌ನವರು.

3. ಚೆಂಡು ಜೀವಂತ

ಯಜಮಾನರು ನಕ್ಕಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅವರಿಗೆ ಅರ್ಥ ಮಾಡಿಸಲು ಹೋಗಿ ನನಗೇ ಅರ್ಥವಾಯಿತು. ಕ್ರಿಕೆಟ್‌ನಲ್ಲಿ ವೈಡ್ ಬಾಲ್ ಹಾಕಿದರೆ ಒಂದು ರನ್ ಪುಕ್ಕಟೆ. ಹಾಗಂತ ಚೆಂಡು ಸತ್ತಿತೇ? ಇಲ್ಲ. ಕೀಪರ್ ಕೈತಪ್ಪಿದರೆ ಬ್ಯಾಟರ್‌ಗಳು ಇನ್ನೂ ಓಡಬಹುದು. ಕ್ರೀಸ್ ಬಿಟ್ಟು ಮುಂದೆ ಬಂದಿದ್ದವನನ್ನು ಕೀಪರ್ ಸ್ಟಂಪ್ ಮಾಡಬಹುದು, ಬಾಲ್ ವೈಡ್ ಆಗಿದ್ದರೂ ಅವನು ಔಟ್. ಬೆಂಗಳೂರಿನ ಗಲ್ಲಿಯ ಹುಡುಗರಿಗೂ ಗೊತ್ತಿರುವ ವಿಷಯ.

ವಾಕ್ ಕೂಡ ಹಾಗೇ. ಕೊಟ್ಟ ಬೇಸ್ ಪುಕ್ಕಟೆ, ಆದರೆ ಆಟ ನಿಂತಿಲ್ಲ. ನಾಲ್ಕನೇ ಬಾಲ್ ಕ್ಯಾಚರನ ಕಾಲ ಸಂದಿಯಲ್ಲಿ ನುಸುಳಿ ಹಿಂದಿನ ಬೇಲಿಗೆ ಹೋಯಿತು ಅಂತಿಟ್ಟುಕೊಳ್ಳಿ. ಮೊದಲನೇ ಬೇಸಿನಲ್ಲಿದ್ದವನು ಎರಡಕ್ಕೆ ನಿರ್ಭಯವಾಗಿ ಹೋಗುತ್ತಾನೆ, ಮೂರಕ್ಕೂ ಹೋಗಬಹುದು. ಎರಡರವರೆಗೆ ನಿಯಮ ಅವನ ಜೊತೆಗಿದೆ, ಅಲ್ಲಿಂದಾಚೆ ಅವನ ಕಾಲು, ಅವನ ಅದೃಷ್ಟ. ವಾಕ್ ಸಿಕ್ಕ ಬ್ಯಾಟರ್ ಕೂಡ ಒಂದನ್ನು ಮುಟ್ಟಿ ಎರಡಕ್ಕೆ ನುಗ್ಗಬಹುದು.

ಇದರಲ್ಲೊಂದು ಸೂಕ್ಷ್ಮವಿದೆ. ಮೊದಲನೇ ಬೇಸಿನವನು ಎರಡನ್ನು ಕದಿಯಲು ಓಡುತ್ತಿದ್ದಾನೆ, ಅದೇ ಎಸೆತ ಬಾಲ್ ಫೋರ್ ಆಯಿತು. ಕ್ಯಾಚರ್ ಎಸೆದ ಚೆಂಡು ಅವನಿಗಿಂತ ಮೊದಲು ತಲುಪಿದರೂ ಅವನು ಔಟಲ್ಲ, ಎರಡನೇ ಬೇಸ್ ಅವನಿಗೆ ಸಲ್ಲಬೇಕಾದದ್ದು. ಆದರೆ ಜಾರಿಕೊಂಡು ಬಂದು ಬೇಸನ್ನು ದಾಟಿ ಆಚೆ ಹೋದ, ಆಗ ಚೆಂಡು ಮುಟ್ಟಿಸಿದರು ಅಂದರೆ ಔಟ್. ಪುಕ್ಕಟೆ ಸಿಕ್ಕಿದ್ದು ಬೇಸ್ ಮಾತ್ರ. ಅದರಾಚೆ ಬಿದ್ದ ಅರ್ಧ ಅಡಿ ಪುಕ್ಕಟೆಯಲ್ಲ. ಅಷ್ಟು ವೇಗದಲ್ಲಿ ಬರುವ ಅಗತ್ಯವೇ ಇರಲಿಲ್ಲ ಅನ್ನುವುದು ಪಾಪ ಅವನಿಗೆ ಓಡುವಾಗ ಗೊತ್ತಿರುವುದಿಲ್ಲ. ಅದಕ್ಕೇ ನಾನು ಬಾಲ್ ಫೋರನ್ನು ಕಿರುಚುತ್ತೇನೆ.

ಎಸೆತ ಬ್ಯಾಟರಿನ ಮೈಗೆ ತಗುಲಿದರೆ ಕಥೆ ಬೇರೆ. ಅವನಿಗೆ ಮೊದಲನೇ ಬೇಸ್ ಸಿಗುತ್ತದೆ, ಫೋರ್ಸ್ ಆದವರು ಒಂದೊಂದು ಹೆಜ್ಜೆ ಮುಂದೆ, ಆದರೆ ಚೆಂಡು ಸತ್ತಿದೆ. ಯಾರೂ ಏನೂ ಕದಿಯುವಂತಿಲ್ಲ. ಎರಡಕ್ಕೂ ಫಲ ಒಂದೇ ಥರ ಕಾಣುವುದರಿಂದ ತಂದೆತಾಯಿಗಳು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

4. ಒಂದನ್ನು ಮುಟ್ಟಿ ನಿಲ್ಲದ ಹುಡುಗಿ

ಮೂರನೇ ಪಾಠವನ್ನು ನನಗಿಂತ ಚೆನ್ನಾಗಿ ಅರಿತಿದ್ದವಳು ಹತ್ತು ವರ್ಷದ ಒಬ್ಬ ಹುಡುಗಿ. ಎರಡು ಜಡೆ, ಹೆಲ್ಮೆಟ್ಟಿನಿಂದ ಹೊರಗೆ ನೇತಾಡುತ್ತಿತ್ತು. ಮೂರನೇ ಬೇಸಿನಲ್ಲಿ ಅವಳ ತಂಡದವನೊಬ್ಬ. ಅವಳಿಗೆ ವಾಕ್ ಸಿಕ್ಕಿತು. ಬ್ಯಾಟು ಮೆಲ್ಲಗೆ ಕೆಳಗಿಟ್ಟು, ಮೊದಲನೇ ಬೇಸಿನ ಕಡೆ ಸಾವಕಾಶವಾಗಿ ಹೊರಟಳು. ಬೇಸ್ ಹತ್ತಿರ ಬಂದಾಗ ಪಿಚರ್ ಬೆನ್ನು ಹಾಕಿ ಶೂ ದಾರ ನೋಡುತ್ತಿದ್ದ. ಅವಳು ಒಂದನ್ನು ತುಳಿದವಳೇ ಬಾಣದ ಹಾಗೆ ಎರಡಕ್ಕೆ ಓಡಿದಳು.

ಗಲಾಟೆ ಎದ್ದಿತು. ಪಿಚರ್ ಗಾಬರಿಯಾಗಿ ಎರಡನೇ ಬೇಸಿಗೆ ಎಸೆದ. ಅಲ್ಲಿ ಹಿಡಿಯಬೇಕಾದವನು ಇನ್ನೂ ಅಲ್ಲಿಗೆ ಬಂದೇ ಇರಲಿಲ್ಲ. ಚೆಂಡು ಹುಲ್ಲಿನ ಮೇಲೆ ಉರುಳಿಕೊಂಡು ಹೋಯಿತು. ಮೂರರಲ್ಲಿದ್ದವನು ನಗುತ್ತಾ ಮನೆಗೆ ಬಂದ. ಎದುರಾಳಿ ಕೋಚ್ ನನ್ನ ಬಳಿ ಓಡಿ ಬಂದು, "ಇದು ವಾಕ್! ವಾಕ್ ಅಂದರೆ ಒಂದೇ ಬೇಸ್!" ಅಂತ ಕೂಗಾಡಿದರು. ಆ ಹೊತ್ತಿಗೆ ನಾನು ಎರಡನೇ ಪಾಠದ ಶುಲ್ಕ ಕಟ್ಟಿಯಾಗಿತ್ತು. ರನ್ ಕೊಟ್ಟೆ.

ಇದು ಮಕ್ಕಳ ಆಟದಲ್ಲಿ ಹಳೆಯ ತಂತ್ರ. ಮೂರರಲ್ಲಿ ಓಟಗಾರನಿದ್ದಾಗ ವಾಕ್ ಸಿಕ್ಕವರು ಒಂದರಲ್ಲಿ ನಿಲ್ಲದೆ ಎರಡಕ್ಕೆ ಓಡಿ ಎಸೆತವನ್ನು ತಮ್ಮ ಕಡೆ ಸೆಳೆಯುತ್ತಾರೆ. ಇದಕ್ಕೆ ಮದ್ದೂ ಇದೆ. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್‌ನ ಚಿಕ್ಕ ಮೈದಾನದ ನಿಯಮದಲ್ಲಿ ಪಿಚರ್ ಚೆಂಡು ಹಿಡಿದು ತನ್ನ ಹಲಗೆಯ ಮೇಲೆ ಕಾಲಿಟ್ಟು, ಕ್ಯಾಚರ್ ಹಿಡಿಯಲು ಸಿದ್ಧನಾಗಿ ಕೂತ ಮೇಲೆ, ಮುಂದಿನ ಎಸೆತ ಬ್ಯಾಟರನ್ನು ತಲುಪುವವರೆಗೆ ಯಾವ ಓಟಗಾರನೂ ಬೇಸ್ ಬಿಡುವಂತಿಲ್ಲ. ಅಲ್ಲಿ ಬೇಸಿನಿಂದ ಬೇಸಿಗೆ 60 ಅಡಿ, ದೊಡ್ಡವರ ಆಟದಲ್ಲಿ 90. ಚಿಕ್ಕ ದೂರವಾದ್ದರಿಂದಲೇ ಈ ಕಟ್ಟು. ಹಾಗಾಗಿ ವಾಕ್ ಕೊಟ್ಟ ಪಿಚರ್ ಮಾಡಬೇಕಾದ್ದು ಒಂದೇ: ಬೇಜಾರು ಮಾಡಿಕೊಳ್ಳದೆ ಚೆಂಡು ತೆಗೆದುಕೊಂಡು ಬೇಗ ಹಲಗೆಗೆ ಹೋಗಿ ನಿಲ್ಲುವುದು. ಹತ್ತು ವರ್ಷದವರಿಗೆ ಬೇಜಾರು ಮಾಡಿಕೊಳ್ಳಬೇಡ ಅನ್ನುವುದು ಸುಲಭವಲ್ಲ.

ಆ ಹುಡುಗಿಯ ಅಜ್ಜ ಆಟ ಮುಗಿದ ಮೇಲೆ ಬಂದು, "ಇದು ಸರಿಯಾ ಮೇಡಂ, ಮೋಸ ಅನ್ಸಲ್ವಾ?" ಅಂತ ಮೆಲ್ಲಗೆ ಕೇಳಿದರು. ದಾವಣಗೆರೆ ಕಡೆಯವರು. ಕಬಡ್ಡಿಯಲ್ಲಿ ರೇಡರ್ ಒಂದು ಕಡೆ ನೋಡಿ ಇನ್ನೊಂದು ಕಡೆ ಕಾಲು ಚಾಚಿದರೆ ಅದನ್ನು ಮೋಸ ಅಂತೀರಾ ಸರ್ ಅಂದೆ. ಅವರ ಮುಖ ಅರಳಿತು.

5. ಎಣಿಕೆ ಬೆರಳಲ್ಲಿರಲಿ, ತಲೆಯಲ್ಲಲ್ಲ

ಬಾಲ್ ನಾಲ್ಕೇ ಯಾಕೆ? ದೇವರು ಬರೆದಿಟ್ಟದ್ದೇನಲ್ಲ. 1879ರಲ್ಲಿ ವಾಕ್‌ಗೆ ಒಂಬತ್ತು ಬಾಲ್ ಬೇಕಿತ್ತು. ಆಮೇಲೆ ಇಳಿಯುತ್ತಾ, ನಡುವೆ ಒಮ್ಮೆ ಏರಿ, 1889ರಲ್ಲಿ ನಾಲ್ಕಕ್ಕೆ ನಿಂತಿತು. 1887ರ ಒಂದು ವರ್ಷ ಮಾತ್ರ ವಾಕನ್ನೂ ಹೊಡೆತದ ಲೆಕ್ಕಕ್ಕೇ ಸೇರಿಸಿ, ಬ್ಯಾಟರ್‌ಗಳ ಸರಾಸರಿ ಆಕಾಶಕ್ಕೇರಿತ್ತು.

ನಾಲ್ಕು ಎಣಿಸಲು ಏನು ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಅಂಪೈರ್ ಕೈಯಲ್ಲಿ ಚಕ್ರಗಳಿರುವ ಒಂದು ಪುಟ್ಟ ಕ್ಲಿಕರ್ ಇರುತ್ತದೆ. ಬಾಲಿಗೊಂದು, ಸ್ಟ್ರೈಕಿಗೊಂದು (ಬೀಸಿ ತಪ್ಪಿದ್ದು, ಇಲ್ಲವೇ ಸರಿಯಾದ ಜಾಗದಲ್ಲಿ ಬಂದರೂ ಬೀಸದೆ ಬಿಟ್ಟದ್ದು; ಮೂರಾದರೆ ಬ್ಯಾಟರ್ ಔಟ್), ಔಟಿಗೊಂದು. ಒಂದು ಸಂಜೆ ಜಗಳ ಬಿಡಿಸುವ ಗಡಿಬಿಡಿಯಲ್ಲಿ ಒಂದು ಬಾಲಿಗೆ ಎರಡು ಸಲ ಒತ್ತಿದೆ. ಮೂರು ಬಾಲಿಗೇ ಹುಡುಗ ಮೊದಲನೇ ಬೇಸಿಗೆ ಹೋದ. ಯಾರೂ ತಕರಾರು ಮಾಡಲಿಲ್ಲ, ಮುಂದಿನ ಎಸೆತವೂ ಬಿತ್ತು. ಹಿಂದೆ ತಿರುಗಿಸುವ ಹೊತ್ತು ಮೀರಿತ್ತು.

ಸಮಾಧಾನ ಏನೆಂದರೆ ದೊಡ್ಡವರಲ್ಲೂ ಆಗಿದೆ. 2011ರ ಜುಲೈ 2ರಂದು ಸಿಯಾಟಲ್‌ನಲ್ಲಿ ಸ್ಯಾನ್ ಡಿಯಾಗೋ ಪಾಡ್ರೇಸ್ ತಂಡದ ಕ್ಯಾಮರನ್ ಮೇಬಿನ್ ಮೂರೇ ಬಾಲಿಗೆ ವಾಕ್ ಪಡೆದರು. ಮೈದಾನದ ಫಲಕದಲ್ಲಿ ತಪ್ಪು ಎಣಿಕೆ ಇತ್ತು, ಯಾರೂ ಗಮನಿಸಲಿಲ್ಲ. ಮೇಬಿನ್ ಮನೆಗೂ ಬಂದರು. ಆಟ ಮುಗಿದದ್ದು 1-0. ಇಡೀ ಪಂದ್ಯದ ಒಂದೇ ರನ್, ಇಲ್ಲದ ವಾಕ್‌ನಿಂದ ಹುಟ್ಟಿತ್ತು.

ನನ್ನ ಆ ಸಂಜೆಯ ತಪ್ಪಿನಿಂದೀಚೆಗೆ ಪ್ರತಿ ಎಸೆತಕ್ಕೂ ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತೇನೆ. ತಪ್ಪಿದ್ದರೆ ಹನ್ನೆರಡು ತಾಯಂದಿರು ಒಟ್ಟಿಗೆ ಸರಿಪಡಿಸುತ್ತಾರೆ.

6. ಅರ್ಧ ಬೀಸಿದ ಬ್ಯಾಟನ್ನು ನಂಬಬೇಡಿ

ಬ್ಯಾಟರ್ ಬೀಸಲು ಹೋಗಿ ತಡೆದುಕೊಂಡ. ನಾನು ಬಾಲ್ ಅಂದೆ, ಅದು ನಾಲ್ಕನೆಯದು. ಮೊದಲನೇ ಬೇಸಿನಲ್ಲಿದ್ದವನು ಎರಡರ ಕಡೆ ಹಾಡು ಗುನುಗುತ್ತಾ ಹೊರಟ. ಆಗ ಕ್ಯಾಚರ್, ಬೇಸ್ ಅಂಪೈರನ್ನು ಕೇಳಿ ಅನ್ನುತ್ತಾನೆ. ನಾನು ಕೈ ತೋರಿಸಿ ಕೇಳುತ್ತೇನೆ. ಅವರು ಮುಷ್ಟಿ ಎತ್ತಿದರು ಅಂದರೆ ಬೀಸಿದ್ದು ನಿಜ, ಸ್ಟ್ರೈಕ್. ವಾಕ್ ಇಲ್ಲವಾಯಿತು. ನಡುದಾರಿಯಲ್ಲಿ ಹಾಡುತ್ತಿರುವವನು ಈಗ ಬರೀ ಕಳ್ಳ, ಕ್ಯಾಚರ್ ಎಸೆದು ಔಟ್ ಮಾಡಬಹುದು. ಓಟಗಾರರು ಈ ಬದಲಾವಣೆಗೆ ಎಚ್ಚರವಾಗಿರಬೇಕು ಅಂತ ಪುಸ್ತಕದ ಟಿಪ್ಪಣಿಯಲ್ಲೇ ಹೇಳಿದೆ. ಅಂದರೆ ಆಮೇಲೆ ಬಂದು ಅತ್ತರೆ ನಾವು ಕರಗುವ ಹಾಗಿಲ್ಲ.

7. ದುರಾಸೆಯ ಓಟಗಾರ ರನ್ ಕೆಡಿಸುವುದಿಲ್ಲ

ಇದು ನನಗೆ ತುಂಬಾ ಇಷ್ಟದ ನಿಯಮ, ಯಾಕೆಂದರೆ ಮೊದಲ ಓದಿಗೆ ತಲೆಕೆಳಗಾಗಿ ಕಾಣುತ್ತದೆ.

ಇಬ್ಬರು ಔಟಾಗಿದ್ದಾರೆ. ಮೂರೂ ಬೇಸ್ ತುಂಬಿವೆ. ಬಾಲ್ ಫೋರ್. ಮೂರರಲ್ಲಿದ್ದವನು ಆರಾಮಾಗಿ ಹೋಮ್ ಕಡೆ ಬರುತ್ತಿದ್ದಾನೆ. ಎರಡರಲ್ಲಿದ್ದವನು ಮಾತ್ರ ಮೂರನ್ನು ಮುಟ್ಟಿ, ದಾಟಿ, ಇನ್ನಷ್ಟು ಬಾಚಲು ಹೋದ. ಕ್ಯಾಚರ್ ಮೂರನೇ ಬೇಸಿಗೆ ಎಸೆದ, ಅಲ್ಲಿದ್ದವನು ಅವನ ಮೈಗೆ ಚೆಂಡು ಮುಟ್ಟಿಸಿದ. ಮೂರನೇ ಔಟ್, ಸರದಿ ಮುಗಿಯಿತು. ಆ ಕ್ಷಣಕ್ಕೆ ಮುಂದಿನವನು ಹೋಮ್ ಪ್ಲೇಟನ್ನು ಇನ್ನೂ ತುಳಿದಿರಲಿಲ್ಲ. ರನ್ ಉಂಟೋ ಇಲ್ಲವೋ?

ಬೇರೆ ಸಂದರ್ಭವಾಗಿದ್ದರೆ ಇಲ್ಲ. ಮೂರನೇ ಔಟಿಗಿಂತ ಮೊದಲು ಪ್ಲೇಟ್ ಮುಟ್ಟಿರಬೇಕು. ವಾಕ್‌ನಲ್ಲಿ ಮಾತ್ರ ಉಂಟು. ಬಾಲ್ ಫೋರ್ ಆದ ಗಳಿಗೆಯಲ್ಲೇ ಆ ರನ್ ಬ್ಯಾಟಿಂಗ್ ತಂಡದ ಪಾಲಾಯಿತು, ಪ್ರತಿಯೊಬ್ಬರೂ ತಮ್ಮ ಮುಂದಿನ ಬೇಸನ್ನು ಮುಟ್ಟಿದರೆ ಸಾಕಿತ್ತು, ಹಿಂದಿನವನ ಅತಿಯಾಸೆಯಿಂದ ಮುಂದಿನವನ ಪಾಲು ಹೋಗಬಾರದು ಅನ್ನುವುದು ತರ್ಕ. ಮೂರರಿಂದ ಬರುತ್ತಿದ್ದವನು ಪ್ಲೇಟ್ ತುಳಿಯಬೇಕು ನಿಜ, ಆದರೆ ಔಟಿಗಿಂತ ಮೊದಲೇ ತುಳಿಯಬೇಕೆಂದಿಲ್ಲ. ಅಣ್ಣನ ಪಾಲಿನ ಗದ್ದೆಯನ್ನು ತಮ್ಮನ ಸಾಲಕ್ಕೆ ಜಪ್ತಿ ಮಾಡುವ ಹಾಗಿಲ್ಲ ಅಂತ ಅಪ್ಪನಿಗೆ ಫೋನಿನಲ್ಲಿ ವಿವರಿಸಿದ್ದೆ. ಅಪ್ಪ ತೀರ್ಥಹಳ್ಳಿ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ತಕ್ಷಣ ಹಿಡಿದುಕೊಂಡರು. "ಪಾಲು ಆಗಿದ್ರೆ ಸರಿ" ಅಂದರು.

ನನ್ನ ಮುಂದೆ ಇದು ನಡೆದದ್ದು ಒಂದೇ ಸಲ. ರನ್ ಕೊಟ್ಟಾಗ ಎರಡೂ ಕಡೆಯವರು ಬೈದರು.

8. ಗೆದ್ದ ಮೇಲೂ ಬೇಸ್ ಮುಟ್ಟಿ

ಕೊನೆಯ ಸರದಿ, ಸಮಬಲ, ಬೇಸ್ ತುಂಬಿವೆ, ಬಾಲ್ ಫೋರ್. ಆಟ ಮುಗಿಯಿತು ಅಂತ ಡಗೌಟಿನಿಂದ ಮಕ್ಕಳೆಲ್ಲ ನುಗ್ಗುತ್ತಾರೆ. ಮುಗಿದಿಲ್ಲ. ಮೂರರಿಂದ ಬಂದವನು ಹೋಮ್ ಮುಟ್ಟಬೇಕು, ಬ್ಯಾಟರ್ ಮೊದಲನೇ ಬೇಸ್ ಮುಟ್ಟಬೇಕು. ನಿಯಮ ಹೆಸರಿಸಿ ಹೇಳುವುದು ಈ ಇಬ್ಬರನ್ನು. ಇಬ್ಬರು ಔಟಾಗಿರುವಾಗ ಬ್ಯಾಟರ್ ಮೊದಲನೇ ಬೇಸಿಗೆ ಹೋಗಲು ಒಪ್ಪದಿದ್ದರೆ ರನ್ ರದ್ದು, ಅವನು ಔಟ್, ಆಟ ಮುಂದುವರಿಯುತ್ತದೆ.

ದೊಡ್ಡವರ ಆಟದಲ್ಲಿ ಇದರ ಎರಡು ಮುಖಗಳನ್ನು ಒಂದೇ ಸರಣಿಯಲ್ಲಿ ನೋಡಬಹುದು. 1999ರ ಅಕ್ಟೋಬರ್, ನ್ಯೂಯಾರ್ಕ್ ಮೆಟ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್. ಐದನೇ ಪಂದ್ಯ, ಶೇ ಸ್ಟೇಡಿಯಂ, ಮಳೆ, ಹದಿನೈದನೇ ಸರದಿ. ಬೇಸ್ ತುಂಬಿದ್ದಾಗ ಮೆಟ್ಸ್‌ನ ಟಾಡ್ ಪ್ರ್ಯಾಟ್‌ಗೆ ವಾಕ್ ಸಿಕ್ಕಿ ಆಟ 3-3 ಆಯಿತು. ಮುಂದಿನ ಬ್ಯಾಟರ್ ರಾಬಿನ್ ವೆಂಚುರಾ ಚೆಂಡನ್ನು ಬೇಲಿಯಾಚೆ ಹೊಡೆದರು. ನಾಲ್ಕು ರನ್ ಬರಬೇಕಿತ್ತು. ಆದರೆ ಒಂದರಿಂದ ಹೊರಟಿದ್ದ ಅದೇ ಪ್ರ್ಯಾಟ್ ಖುಷಿ ತಡೆಯಲಾರದೆ ಹಿಂತಿರುಗಿ ಬಂದು ವೆಂಚುರಾರನ್ನು ಎತ್ತಿಕೊಂಡುಬಿಟ್ಟರು. ವೆಂಚುರಾ ಎರಡನೇ ಬೇಸ್ ತಲುಪಲೇ ಇಲ್ಲ. ಪುಸ್ತಕದಲ್ಲಿ ಅದು ಒಂದು ಬೇಸಿನ ಹೊಡೆತ, ಒಂದೇ ರನ್, 4-3.

ಎರಡು ದಿನದ ಮೇಲೆ ಅಟ್ಲಾಂಟಾದಲ್ಲಿ ಆರನೇ ಪಂದ್ಯ. ಹನ್ನೊಂದನೇ ಸರದಿ, 9-9. ಮೆಟ್ಸ್ ಪಿಚರ್ ಕೆನ್ನಿ ರಾಜರ್ಸ್ ಬೇಸ್ ತುಂಬಿದ್ದಾಗ ಆಂಡ್ರೂ ಜೋನ್ಸ್‌ಗೆ ವಾಕ್ ಕೊಟ್ಟರು. ಸರಣಿ ಮುಗಿಯಿತು, ಬ್ರೇವ್ಸ್ ವರ್ಲ್ಡ್ ಸೀರೀಸ್‌ಗೆ. ಅಷ್ಟು ದೊಡ್ಡ ಸೋಲು ಬಂದದ್ದು ಯಾರೂ ಬ್ಯಾಟು ಬೀಸದೆ. ಅಮ್ಮನಿಗೆ ಹೇಳಿದರೆ ನಂಬಲಿಲ್ಲ.

ಬೇಸ್ ಮುಟ್ಟದೆ ಹೋದವರ ಹಿರಿಯಣ್ಣ ನ್ಯೂಯಾರ್ಕ್ ಜೈಂಟ್ಸ್‌ನ ಫ್ರೆಡ್ ಮರ್ಕಲ್. 1908ರ ಸೆಪ್ಟೆಂಬರ್ 23ರಂದು ಗೆಲುವಿನ ಹೊಡೆತ ಬಿದ್ದಿತೆಂದು ಎರಡನೇ ಬೇಸಿಗೆ ಹೋಗದೆ ತಿರುಗಿ ನಡೆದರು. ಅದು ವಾಕ್ ಅಲ್ಲ, ಹೊಡೆತ. ಆದರೆ ಫೋರ್ಸ್ ಅದೇ ಫೋರ್ಸ್. ಗೆಲುವಿನ ರನ್ ಹೋಯಿತು, ಪಂದ್ಯ ಸಮ ಅಂತಾಯಿತು, ಪಾಪ ಆ ಹತ್ತೊಂಬತ್ತರ ಹುಡುಗನನ್ನು ಜನ ಬದುಕಿಡೀ ಬಿಡಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ಹೋಮ್ ಪ್ಲೇಟಿನ ಪಕ್ಕ ನಿಂತು ಮೊದಲನೇ ಬೇಸಿನ ಕಡೆ ದಿಟ್ಟಿಸುತ್ತೇನೆ. ಮಕ್ಕಳು ಕುಣಿಯುತ್ತಾ ನನ್ನ ಕಾಲು ತುಳಿಯುತ್ತಾರೆ. ತುಳಿಯಲಿ.

9. ಬೇಕೆಂದೇ ಕೊಡುವ ವಾಕ್

ಜೋರಾಗಿ ಹೊಡೆಯುವವರಿಗೆ ಬೇಕೆಂದೇ ವಾಕ್ ಕೊಟ್ಟು ಮುಂದಿನವರನ್ನು ಎದುರಿಸುವುದುಂಟು. ಬ್ಯಾರಿ ಬಾಂಡ್ಸ್ 2004ರ ಒಂದೇ ವರ್ಷದಲ್ಲಿ 232 ವಾಕ್ ಪಡೆದರು, ಅದರಲ್ಲಿ 120 ಹೀಗೆ ಕೊಟ್ಟವು. 1998ರ ಮೇ 28ರಂದು ಅರಿಜೋನಾ ತಂಡದ ಮ್ಯಾನೇಜರ್ ಬಕ್ ಶೋವಾಲ್ಟರ್, ಬೇಸ್ ತುಂಬಿರುವಾಗಲೇ ಬಾಂಡ್ಸ್‌ಗೆ ವಾಕ್ ಕೊಡಿಸಿ 8-6 ಇದ್ದುದನ್ನು 8-7 ಮಾಡಿಕೊಂಡರು. ಮುಂದಿನ ಬ್ಯಾಟರ್ ಔಟಾದರು, ಆಟ ಗೆದ್ದರು. ಒಂದು ರನ್ ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡ ಹಾಗೆ.

ಹಿಂದೆ ಈ ನಾಲ್ಕು ಬಾಲನ್ನೂ ನಿಜವಾಗಿ ಎಸೆಯಬೇಕಿತ್ತು. ಚೆಂಡು ಜೀವಂತವಾದ್ದರಿಂದ ಏನಾದರೂ ಆಗಬಹುದಿತ್ತು. 2006ರಲ್ಲಿ ಮಿಗೆಲ್ ಕಬ್ರೇರಾ ಹೀಗೆ ಹೊರಗೆ ಎಸೆದ ಚೆಂಡನ್ನೇ ಕೈಚಾಚಿ ಹೊಡೆದು ರನ್ ತಂದರು. 1972ರ ವರ್ಲ್ಡ್ ಸೀರೀಸ್‌ನಲ್ಲಿ ಓಕ್‌ಲೆಂಡ್‌ನ ಕ್ಯಾಚರ್ ವಾಕ್ ಕೊಡುವವನ ಹಾಗೆ ಎದ್ದು ನಿಂತು ಕೈಚಾಚಿ, ಎಸೆಯುವ ಹೊತ್ತಿಗೆ ಸರಕ್ಕನೆ ಕೂತ. ರಾಲಿ ಫಿಂಗರ್ಸ್ ಸ್ಟ್ರೈಕ್ ಎಸೆದರು, ಜಾನಿ ಬೆಂಚ್ ಸುಮ್ಮನೆ ನೋಡುತ್ತಾ ಔಟಾದರು. 2017ರಿಂದ ಮೇಜರ್ ಲೀಗ್‌ನಲ್ಲಿ ಮ್ಯಾನೇಜರ್ ಡಗೌಟಿನಿಂದ ಬೆರಳು ತೋರಿಸಿದರೆ ಸಾಕು, ಚೆಂಡೇ ಎಸೆಯಬೇಕಿಲ್ಲ. ಸಮಯ ಉಳಿಯಿತಂತೆ. ನನಗೆ ಇದು ಹಿಡಿಸಿಲ್ಲ.

ಲಿಟಲ್ ಲೀಗ್‌ನಲ್ಲೂ ಹೇಳಿದರೆ ಸಾಕು, ಆದರೆ ಪಿಚರ್‌ನ ಎಸೆತದ ಲೆಕ್ಕಕ್ಕೆ ನಾಲ್ಕು ಸೇರುತ್ತದೆ. ಹನ್ನೊಂದು, ಹನ್ನೆರಡರ ಮಕ್ಕಳಿಗೆ ದಿನಕ್ಕೆ 85 ಎಸೆತದ ಮಿತಿ ಇರುವುದರಿಂದ ಆ ನಾಲ್ಕು ಸಣ್ಣದಲ್ಲ. ಚೆಂಡು ಸತ್ತಿರುತ್ತದೆ, ಫೋರ್ಸ್ ಆದವರು ಮಾತ್ರ ಮುಂದೆ ಹೋಗುತ್ತಾರೆ.

10. ಮುಖವಾಡಕ್ಕೆ ಸಿಕ್ಕಿಕೊಂಡ ಚೆಂಡು

ಮೊದಲನೇ ಪಾಠಕ್ಕೆ ಒಂದು ಅಪವಾದ ಇದೆ. ಎಸೆತ ಅಂಪೈರಿನ ಅಥವಾ ಕ್ಯಾಚರಿನ ಮುಖವಾಡದಲ್ಲೋ ಕವಚದಲ್ಲೋ ಸಿಕ್ಕಿಕೊಂಡರೆ, ಇಲ್ಲವೇ ಬೇಲಿ ದಾಟಿ ಆಟದ ಆಚೆ ಹೋದರೆ, ಎಲ್ಲ ಓಟಗಾರರಿಗೂ ಒಂದು ಬೇಸ್, ಬೆನ್ನು ಮುಟ್ಟಿದವರಿರಲಿ ಇಲ್ಲದಿರಲಿ. ಅದೇ ನಾಲ್ಕನೇ ಬಾಲ್ ಆಗಿದ್ದರೆ ಬ್ಯಾಟರಿಗೆ ಮೊದಲನೇ ಬೇಸ್ ಮಾತ್ರ. ನನ್ನ ಮುಖವಾಡಕ್ಕೆ ಇದುವರೆಗೆ ಸಿಕ್ಕಿಕೊಂಡದ್ದು ಒಂದು ಜೇನುಹುಳ ಮಾತ್ರ. ಆಗ ನಾನೇ 'ಟೈಮ್' ಅಂದೆ.

11. ತಪ್ಪನ್ನು ಹೋಗಿ ಹೇಳಿ

ಎರಡನೇ ಪಾಠದ ಹುಡುಗನ ಕೋಚ್ ಹತ್ತಿರ ಮುಂದಿನ ಶನಿವಾರವೇ ಹೋಗಿ ಹೇಳಿದೆ. ಆ ರನ್ ನಿಮ್ಮದಾಗಿತ್ತು, ತಪ್ಪು ನನ್ನದು ಅಂತ. ಅವರು ಹೆಗಲು ಕುಣಿಸಿ, ಕಾಫಿ ಕೊಡಿಸಿದರು. ಹುಡುಗನಿಗೆ ಹೇಳುವ ಧೈರ್ಯ ಬರಲಿಲ್ಲ.

ಕಳೆದ ಎರಡು ವರ್ಷದಿಂದ ಅವನೂ ನಮ್ಮಲ್ಲಿ ಅಂಪೈರ್. ಉದ್ದಕ್ಕೆ ಬೆಳೆದಿದ್ದಾನೆ, ಮೀಸೆ ಬಂದಿದೆ. ಕಾಲೇಜು ರಜೆಯಲ್ಲಿ ನನ್ನ ಜೊತೆ ಬೇಸ್‌ಗಳನ್ನು ನೋಡಿಕೊಳ್ಳುತ್ತಾನೆ. ಈ ಮೇ ತಿಂಗಳಲ್ಲಿ ಒಂದು ಆಟ ಮುಗಿದ ಮೇಲೆ, ಇಬ್ಬರೂ ಕಾರಿನ ಡಿಕ್ಕಿಗೆ ಒರಗಿ ಶೂ ಬಿಚ್ಚುತ್ತಾ ಇದ್ದಾಗ, ಕೊನೆಗೂ ಹೇಳಿದೆ. ಮೂರನೇ ಬೇಸ್, ಬಾಲ್ ಫೋರ್, ನೀನು ನಡೆದು ಬಂದೆ, ನಾನು ವಾಪಸ್ ಕಳಿಸಿದೆ, ಒಂದು ರನ್‌ನಿಂದ ಸೋತಿರಿ.

ಅವನು ತುಂಬಾ ಹೊತ್ತು ಯೋಚಿಸಿದ. ಆ ಆಟವೇ ನೆನಪಿರಲಿಲ್ಲ.

"ಆ ವರ್ಷ ಸೋತ ದಿನವೂ ಪಿಜ್ಜಾ ಕೊಡಿಸೋರು ಆಂಟಿ," ಅಂದ. "ಅದು ನೆನಪಿದೆ."